ಹತ್ತು ಬೆರಳು, ಬಿಟ್ಟುಹೋದ ಕೈಗಳು

ಸಿನಿಮಾ ಹಾಡೊಂದನ್ನು ಪಿಯಾನೋ ಒಂದಕ್ಕೇ ಹೊಂದಿಸಿ ಬರೆಯುವವರು ಮೊದಲು ಮಾಡುವ ಕೆಲಸ ಬಿಡುವುದು. ಮೂಲದಲ್ಲಿ ಹಾಡುವವರ ದನಿ ಇರುತ್ತದೆ, ಪಿಟೀಲುಗಳ ಗುಂಪು ಇರುತ್ತದೆ, ಕೊಳಲು, ಗಿಟಾರು, ತಬಲ, ಒಂದೊಂದು ಸಲ ತಮಟೆಯೂ ಇರುತ್ತದೆ. ಪಿಯಾನೋ ಮುಂದೆ ಕೂತವರಿಗೆ ಇರೋದು ಹತ್ತೇ ಬೆರಳು. ಎಲ್ಲರನ್ನೂ ಹಿಡಿಸಲು ಆಗುವುದಿಲ್ಲ, ಒಪ್ಪೋಣ. ಆದರೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕೈಬಿಡಬೇಕು? ಇದು ಕಸುಬಿನ ವಿಷಯ, ಇದರಲ್ಲಿ ನಿಮಗೇನು ಕೆಲಸ ಅಂತ ಕೇಳುವವರಿದ್ದಾರೆ. ಆಯ್ಕೆ ಎಲ್ಲಿ ಇದೆಯೋ ಅಲ್ಲಿ ನ್ಯಾಯ ಅನ್ಯಾಯದ ಪ್ರಶ್ನೆಯೂ ಇದೆ ಅಂತ ನಾವು ತಿಳಿದವರು.

ರೂಢಿಯ ಕ್ರಮ ಹೀಗಿದೆ: ಬಲಗೈಗೆ ರಾಗ, ಎಡಗೈಗೆ ದುಡಿಮೆ. ಹಾಡುವವರ ದನಿ ಸ್ವರದಿಂದ ಸ್ವರಕ್ಕೆ ಜಾರುತ್ತದೆ. ಪಿಯಾನೋದ 88 ಕೀಗಳಲ್ಲಿ ಜಾರುವ ದಾರಿ ಇಲ್ಲ. ಅದಕ್ಕೆ ಪಕ್ಕದ ಕೀಯನ್ನು ಕ್ಷಣಮಾತ್ರ ತಟ್ಟಿ ಗಮಕದ ನೆರಳು ಕಟ್ಟುತ್ತಾರೆ. ಬಡಿದ ಸ್ವರ ಕೂಡಲೇ ಸಣ್ಣಗಾಗುತ್ತದೆ ಅಂತ ಪೆಡಲು ಒತ್ತಿ ಹಿಡಿಯುತ್ತಾರೆ, ಇಲ್ಲವೆ ಅದೇ ಸ್ವರವನ್ನು ಮತ್ತೆ ಮತ್ತೆ ನುಡಿಸುತ್ತಾರೆ. ರಾಗಕ್ಕಾಗಿ ಇಷ್ಟು ಪಾಡು! ತಮಟೆಗೆ? ಕೆಳಗಿನ ಎರಡು ಕೀ ಒತ್ತಿದರೆ ಆಯಿತು, ಬಿಟ್ಟರೂ ಆಯಿತು. ಯಾಕೆ ಅಂತ ಕೇಳಿದರೆ, ಅದಕ್ಕೆ ನಿಶ್ಚಿತ ಶ್ರುತಿ ಇಲ್ಲವಲ್ಲ, ಅದು ಬರೀ ಸದ್ದು ಅನ್ನುತ್ತಾರೆ. ಬೆಂಕಿಗೆ ಹಿಡಿದು, ತೊಗಲು ಬಿಗಿಗೊಳಿಸಿ, ಬೆರಳಲ್ಲಿ ತಟ್ಟಿ ನೋಡಿ ನಾದ ಕೂಡಿಸುವವನ ಕಿವಿಯನ್ನು ಈ ಮಾತು ಅಲ್ಲಗಳೆಯುತ್ತದೆ.

ಈ ಭೇದವನ್ನು ನಮ್ಮ ಕಾನೂನೂ ಒಪ್ಪಿಕೊಂಡಿತ್ತು. 1957ರ ಕೃತಿಸ್ವಾಮ್ಯ ಕಾಯಿದೆ ಸಂಗೀತ ಕೃತಿ ಅಂದರೆ ಏನು ಅಂತ ಹೇಳುವಾಗ ಮೆಲೊಡಿ, ಹಾರ್ಮನಿ ಎರಡನ್ನೇ ಹೆಸರಿಸಿತು. ಅದೂ ಕಾಗದದ ಮೇಲೆ ಬಂದಿರಬೇಕು. ತಾಳದ ಹೆಸರೇ ಇಲ್ಲ. ಬರೆದಿಡದೆ ಕೈಯಿಂದ ಕೈಗೆ ಬಂದ ವಿದ್ಯೆಗೆ ಅಲ್ಲಿ ಜಾಗ ಇಲ್ಲ. 1994ರ ತಿದ್ದುಪಡಿಯವರೆಗೂ ಹೀಗೇ ಇತ್ತು.

ಬರೆಯಲು ಬಂದವರ ಗತಿಯಾದರೂ ಏನಾಯಿತು? ಬೊಂಬಾಯಿಯ ಹಿಂದಿ ಸಿನಿಮಾದಲ್ಲಿ ಎಷ್ಟೋ ಹಾಡುಗಳಿಗೆ ವಾದ್ಯಗಳ ಪಾಲನ್ನು ಹಂಚಿ ಬರೆದವರು ಗೋವಾದ ಸಂಗೀತಗಾರರು. ಸೆಬಾಸ್ಟಿಯನ್ ಡಿಸೋಜಾ, ಆಂಥೊನಿ ಗೊನ್ಸಾಲ್ವಿಸ್ ಅಂಥವರು. ದೊಡ್ಡ ಅಕ್ಷರದಲ್ಲಿ ಬಂದದ್ದು ಸಂಗೀತ ನಿರ್ದೇಶಕರ ಹೆಸರು. 1977ರ 'ಅಮರ್ ಅಕ್ಬರ್ ಆಂಥೊನಿ' ಸಿನಿಮಾದಲ್ಲಿ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ತಮ್ಮ ಪಿಟೀಲು ಗುರುವಿನ ಹೆಸರನ್ನು ನಾಯಕನ ಹಾಡಿಗೆ ತಂದರು. ಅದು ಶಿಷ್ಯನ ಕೃತಜ್ಞತೆ. ಆದರೆ ಜನ ನಕ್ಕು ಕುಣಿದದ್ದು ಆ ಪಾತ್ರದ ಹೆಸರಿಗೆ. ಆ ಹೆಸರಿನ ಮನುಷ್ಯ ಒಬ್ಬ ಇದ್ದ ಅಂತ ಬಹಳ ಮಂದಿಗೆ ಗೊತ್ತೇ ಆಗಲಿಲ್ಲ.

ಇನ್ನು ಮಡಿ ಮೈಲಿಗೆಯ ವಿಚಾರ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ತೊಫೊರಿ ಮೊದಲು ಪಿಯಾನೋ ಮಾಡಿದಾಗ ತಂತಿಗೆ ಬಡಿಯುವ ಸುತ್ತಿಗೆಗಳ ತುದಿಗೆ ಇದ್ದದ್ದು ತೊಗಲು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ತೊಗಲೇ ಇತ್ತು, ಆಮೇಲೆ ಉಣ್ಣೆಯ ಫೆಲ್ಟ್ ಬಂತು. ಬಿಳಿ ಕೀಗಳ ಮೇಲೆ ಹಾಸಿದ್ದು ಆನೆದಂತ. ಹತ್ತೊಂಬತ್ತನೇ ಶತಮಾನದಲ್ಲಿ ಪೂರ್ವ ಆಫ್ರಿಕದಲ್ಲಿ ಆ ದಂತವನ್ನು ಹೆಗಲ ಮೇಲೆ ಹೊತ್ತು ಕಡಲ ತೀರಕ್ಕೆ ತಂದವರಲ್ಲಿ ಗುಲಾಮರೂ ಇದ್ದರು. ಸತ್ತ ಆನೆಯ ಕೋರೆಯನ್ನು ಮುಟ್ಟಿ ನುಡಿಸಿದರೆ ನಾಗರಿಕತೆ, ಸತ್ತ ದನದ ತೊಗಲನ್ನು ಮುಟ್ಟಿ ಬಡಿದರೆ ಮೈಲಿಗೆ. ಇದು ಯಾವ ಸೀಮೆಯ ಶಾಸ್ತ್ರ ಸ್ವಾಮೀ?

ಪಿಯಾನೋ ಬೇಡ ಅಂತ ನಾವು ಹೇಳುತ್ತಿಲ್ಲ. ಆ ವಾದ್ಯ ಯಾರಪ್ಪನ ಆಸ್ತಿಯೂ ಅಲ್ಲ. ಪಣ್ಣೈಪುರಂ ಎಂಬ ಹಳ್ಳಿಯಿಂದ ಹೊರಟ ಇಳಯರಾಜ ಮದರಾಸಿನಲ್ಲಿ ಧನರಾಜ್ ಮಾಸ್ಟರ ಹತ್ತಿರ ಪಶ್ಚಿಮದ ಸಂಗೀತ ಕಲಿತು, ವಾದ್ಯವಾದ್ಯಕ್ಕೂ ತಾವೇ ಸ್ವರ ಬರೆದವರು. 1976ರ 'ಅನ್ನಕ್ಕಿಳಿ'ಯಲ್ಲಿ ಹಳ್ಳಿಯ ಧಾಟಿಯನ್ನೂ ಪಿಟೀಲು ಗುಂಪನ್ನೂ ಅಕ್ಕಪಕ್ಕ ಕೂರಿಸಿದರು. ಲಿಪಿ ಕೈಗೆ ಬಂದರೆ ಏನು ಮಾಡಬಹುದು ಅಂತ ಅದು ತೋರಿಸಿತು. ನಮ್ಮ ಮಕ್ಕಳೂ ಕಲಿಯಲಿ.

ಕಲಿತವರು ಒಂದು ವಿಷಯ ಮರೆಯದಿರಲಿ. ಪಿಯಾನೋ ಕೂಡ ಬಡಿಯುವ ವಾದ್ಯವೇ. ತಮಟೆ ಇರುವ ಹಾಡನ್ನು ಹೊಂದಿಸುವಾಗ ಮೊದಲು ಅದರ ಪೆಟ್ಟುಗಳನ್ನು ಎಣಿಸಿ ಬರೆದುಕೊಳ್ಳಲಿ. ಪೆಡಲು ಬಿಟ್ಟು, ಅಕ್ಕಪಕ್ಕದ ಕೆಳಸ್ವರಗಳನ್ನು ಒಟ್ಟಿಗೆ ತಟ್ಟಿ ಅದರ ಒರಟನ್ನು ಹಿಡಿಯಲಿ. ಅಗತ್ಯ ಬಿದ್ದರೆ ರಾಗವೇ ಎರಡು ಗಳಿಗೆ ಸುಮ್ಮನಿರಲಿ. ಹಿಡಿಯಲಾಗದ್ದನ್ನು ಹಿಡಿಯಲಾಗಲಿಲ್ಲ ಅಂತ ಹೇಳಲಿ. ಅದು ಇರಲೇ ಇಲ್ಲ ಎಂಬಂತೆ ನುಡಿಸದಿರಲಿ. ಕಾಗದದ ತಲೆಗೆ ಸಂಗೀತ ನಿರ್ದೇಶಕರ ಹೆಸರಿನ ಜೊತೆ ಹಾಡಿದವರು, ನುಡಿಸಿದವರು, ಬಡಿದವರು ಯಾರು ಅಂತ ವಿಚಾರಿಸಿ ಬರೆಯಲಿ. ಬೆರಳು ಹತ್ತೇ ಇರಬಹುದು, ಹೆಸರು ಬರೆಯಲು ಜಾಗ ಬೇಕಾದಷ್ಟಿದೆ.