ಹಳೆಯದನ್ನು ಮತ್ತೆ ಹಾಕಿ ನೋಡಿದಿರಾ?

ಹೋದ ವರ್ಷ ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ನನ್ನ ಚಿಕ್ಕ ಪೆಟ್ರೋಲ್ ಕಾರಿಗೆ ಏರ್ ಫಿಲ್ಟರ್ ಒಂದನ್ನು ಕೊಂಡೆ. ಆಲಿಕೆಯ ಆಕಾರ, ಕೆಂಪು ಬಟ್ಟೆಯ ನೆರಿಗೆಗಳು, ಬಾಯಿಗೊಂದು ಕ್ಲಿಪ್ಪು. "ಹಾಕಿಸಿ ನೋಡಿ ಸಾರ್, ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ" ಅಂದರು. ಚಾಮರಾಜಪೇಟೆಯ ನಮ್ಮ ಮೆಕ್ಯಾನಿಕ್ ಕಾಗದದ ಹಳೆ ಫಿಲ್ಟರನ್ನು ಡಬ್ಬಿ ಸಮೇತ ತೆಗೆದು ಇದನ್ನು ಕೂರಿಸಿದರು. ಬಂದದ್ದು ಬಂದಿರಲ್ಲ ಎಂದು ಆಯಿಲ್ ಬದಲಾಯಿಸಿದರು, ಪ್ಲಗ್ ಕ್ಲೀನ್ ಮಾಡಿದರು, ಟೈರಿಗೆ ಗಾಳಿ ತುಂಬಿದರು. ಬಸವನಗುಡಿಯ ಕಡೆ ತಿರುಗಿ ಆಕ್ಸಿಲರೇಟರ್ ಒತ್ತಿದಾಗ ಬಾನೆಟ್ ಒಳಗಿಂದ ಗುರ್ರೆಂದು ಸದ್ದು ಎದ್ದಿತು. ಗಾಡಿ ಹಗುರಾಯಿತು ಅನ್ನಿಸಿತು.

ಹಾಗನ್ನಿಸಿದ್ದು ನಿಜ. ಅದಕ್ಕೆ ಫಿಲ್ಟರೇ ಕಾರಣ ಎನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಏನೂ ಆಧಾರವಿರಲಿಲ್ಲ. ಹೊಸ ಆಯಿಲಿನದು ಎಷ್ಟು, ಗಾಳಿ ತುಂಬಿದ ಟೈರಿನದು ಎಷ್ಟು, ಆ ಸದ್ದಿನದು ಎಷ್ಟು? ಎಲ್ಲವನ್ನೂ ಒಂದೇ ದಿನ ಬದಲಾಯಿಸಿ, ದುಡ್ಡು ಹೆಚ್ಚು ಕೊಟ್ಟದ್ದಕ್ಕೆ ಕೀರ್ತಿಯನ್ನೂ ಕೊಟ್ಟುಬಿಟ್ಟಿದ್ದೆ.

ಸಂಸ್ಕೃತ ಕಾಲೇಜು ಇರುವುದೂ ಚಾಮರಾಜಪೇಟೆಯಲ್ಲೇ. ಅಲ್ಲಿ ತರ್ಕ ಓದಿದವರಿಗೆ ಅನ್ವಯ, ವ್ಯತಿರೇಕ ಎಂಬ ಜೋಡಿ ಹೊಸದಲ್ಲ. ಹೊಗೆ ಇರುವಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇರುವ ಹಾಗೆ, ಇದು ಅನ್ವಯ. ಬೆಂಕಿ ಇಲ್ಲದಲ್ಲಿ ಹೊಗೆಯೂ ಇಲ್ಲ, ಮಡುವಿನಲ್ಲಿ ಇಲ್ಲದ ಹಾಗೆ; ಇದು ವ್ಯತಿರೇಕ. ಇದೇ ಜೋಡಿಯನ್ನು ಕಾರಣ, ಕಾರ್ಯಗಳಿಗೆ ಹೊಂದಿಸಿದರೆ, ಕಾರಣ ಇದ್ದಾಗ ಕಾರ್ಯ ಇದೆ ಎಂದು ತೋರಿಸುವುದು ಅರ್ಧ ಕೆಲಸ. ಕಾರಣ ತೆಗೆದಾಗ ಕಾರ್ಯವೂ ಹೋಗುತ್ತದೆಯೇ ಎಂದು ನೋಡುವುದು ಉಳಿದರ್ಧ. ಗ್ಯಾರೇಜುಗಳಲ್ಲಿ ನಾನು ಕೇಳಿದ ಮಾತೆಲ್ಲ ಅನ್ವಯದಲ್ಲೇ ನಿಂತಿತ್ತು: "ಹಾಕಿಸಿದೆ, ಬದಲಾಯಿತು." ಹಾಕಿಸಿದ್ದನ್ನು ಬಿಚ್ಚಿಸಿ, ಹಳೆಯದನ್ನೇ ಮತ್ತೆ ಹಾಕಿ ಓಡಿಸಿದೆ ಎಂದವರು ನನಗೆ ಒಬ್ಬರೂ ಸಿಕ್ಕಿಲ್ಲ.

ಇಲ್ಲಿ ಎಚ್. ನರಸಿಂಹಯ್ಯನವರನ್ನು ನೆನೆಯಬೇಕು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಪವಾಡಪುರುಷರ ಬರಿಗೈಯಲ್ಲಿ ಉಂಗುರ ಬರುವುದಾದರೆ ಕುಂಬಳಕಾಯಿಯೂ ಬರಲಿ ಎಂಬುದು ಅವರ ಸವಾಲು. ಕೇಳಿದವರು ನಕ್ಕರು. ನನಗೆ ಅದರಲ್ಲಿ ಒಬ್ಬ ಮೇಷ್ಟ್ರ ಪ್ರಯೋಗಬುದ್ಧಿ ಕಾಣುತ್ತದೆ. ಉಂಗುರವನ್ನು ಅಂಗಿಯ ತೋಳಿನಲ್ಲಿ ಬಚ್ಚಿಡಬಹುದು, ಕುಂಬಳಕಾಯಿಯನ್ನು ಬಚ್ಚಿಡಲಾಗದು. ಫಲ ಬೇರೆ ಯಾವ ದಾರಿಯಿಂದ ನುಸುಳಬಹುದು ಎಂದು ಮೊದಲೇ ಯೋಚಿಸಿ ಆ ದಾರಿಯನ್ನು ಮುಚ್ಚುವುದಕ್ಕೇ ಪರೀಕ್ಷೆ ಎನ್ನುತ್ತೇವೆ.

ಕಾರಿನ ವಿಷಯದಲ್ಲಿ ಆ ತೋಳು ಎಲ್ಲಿದೆ? ಬಹುಪಾಲು ನಮ್ಮ ಬಲಗಾಲಿನಲ್ಲಿದೆ. ಮೈಲೇಜ್ ನೋಡಬೇಕು ಎಂದುಕೊಂಡವನು ತನಗೆ ಗೊತ್ತಿಲ್ಲದೆಯೇ ಮೆಲ್ಲಗೆ ಒತ್ತುತ್ತಾನೆ. ಪಿಕಪ್ ನೋಡಬೇಕೆಂದವನು ಜೋರಾಗಿ ಒತ್ತುತ್ತಾನೆ. ಹವೆಯಲ್ಲೂ ಇದೆ. ಬೆಳಗಿನ 18 ಡಿಗ್ರಿಯ ಗಾಳಿ ಮಧ್ಯಾಹ್ನದ 30 ಡಿಗ್ರಿಯ ಗಾಳಿಗಿಂತ ಶೇಕಡಾ 4ರಷ್ಟು ದಟ್ಟ. ಹಳೆಯ ಫಿಲ್ಟರಿನಲ್ಲಿ ಮಧ್ಯಾಹ್ನ ಓಡಿಸಿ ಹೊಸದರಲ್ಲಿ ಮುಂಜಾನೆ ಓಡಿಸಿದರೆ ಎಂಜಿನ್ನಿಗೆ ಆ ಲಾಭ ಪುಕ್ಕಟೆ ಸಿಕ್ಕಿರುತ್ತದೆ. ಬಂಕಿನಲ್ಲೂ ಇದೆ. ಒಮ್ಮೆ ಫುಲ್ ಟ್ಯಾಂಕ್ ಮಾಡಿದಾಗಲೂ ಮುಂದಿನ ಸಲ ಮಾಡಿದಾಗಲೂ ಪಂಪು ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ. 20 ಲೀಟರಿನಲ್ಲಿ ಒಂದು ಲೀಟರ್ ಆಚೀಚೆಯಾದರೆ ಶೇಕಡಾ 5ರ ವ್ಯತ್ಯಾಸ ತಾನಾಗಿ ಹುಟ್ಟುತ್ತದೆ.

ಎಂಜಿನ್ನಿನ ಒಳಗಿನ ಲೆಕ್ಕವನ್ನೂ ನೋಡೋಣ. ಪೂರ್ತಿ ಉರಿಯಲು ಒಂದು ಕೆ.ಜಿ. ಪೆಟ್ರೋಲಿಗೆ ಸುಮಾರು 14.7 ಕೆ.ಜಿ. ಗಾಳಿ ಬೇಕು. ಈಗಿನ ಕಾರುಗಳಲ್ಲಿ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರೇ ಈ ಪ್ರಮಾಣವನ್ನು ಕಾಯುತ್ತದೆ. ಗಾಳಿ ಹೆಚ್ಚು ಬಂದರೆ ಪೆಟ್ರೋಲನ್ನೂ ಹೆಚ್ಚು ಬಿಡುತ್ತದೆ. ಊರೊಳಗೆ ನಿಧಾನ ಹೋಗುವಾಗಲಂತೂ ಗಾಳಿಯನ್ನು ತಡೆಯುವುದು ಅರ್ಧ ಮುಚ್ಚಿದ ಥ್ರಾಟಲ್, ಫಿಲ್ಟರಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಫಿಲ್ಟರುಗಳು ಕಟ್ಟಿಕೊಳ್ಳುವಂತೆ ಬೇಕೆಂದೇ ಮಾಡಿ ಪರೀಕ್ಷಿಸಿದಾಗ ಈ ಬಗೆಯ ಕಾರುಗಳ ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪೂರ್ತಿ ಒತ್ತಿದಾಗಿನ ವೇಗವರ್ಧನೆ ಮಾತ್ರ ಕುಗ್ಗಿತು. ಅಂದಮೇಲೆ ಮೈಲೇಜಿನ ಮಾತಿಗೆ ಬುಡವಿಲ್ಲ. ಪಿಕಪ್ಪಿನ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು, ಪರೀಕ್ಷೆ ಮಾಡಲೇಬೇಕು.

ಮಾಡಿದೆವು. ಒಂದು ಭಾನುವಾರ, ಬೆಳಕು ಹರಿಯುವ ಹೊತ್ತಿಗೆ, ಊರಾಚೆಯ ಖಾಲಿ ರಸ್ತೆ. ಅಕ್ಕನ ಮಗ ಪಕ್ಕದಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತ. ಮೂರನೇ ಗೇರು, ಪೂರ್ತಿ ಒತ್ತಿದ ಆಕ್ಸಿಲರೇಟರ್, 40ರಿಂದ 70ಕ್ಕೆ ಎಷ್ಟು ಸೆಕೆಂಡು. ರಸ್ತೆಯ ಏರು ಇಳಿತ ಲೆಕ್ಕಕ್ಕೆ ಬರಬಾರದೆಂದು ಹೋಗುವಾಗಲೊಮ್ಮೆ, ಬರುವಾಗಲೊಮ್ಮೆ. ಹಳೆಯ ಫಿಲ್ಟರು, ಹೊಸದು, ಮತ್ತೆ ಹಳೆಯದು, ಮತ್ತೆ ಹೊಸದು. ಯಾವುದು ಹಾಕಿದೆ ಎಂದು ನನಗೆ ತಿಳಿಯಬಾರದೆಂಬ ಆಸೆಯಿತ್ತು. ಸದ್ದೇ ಹೇಳಿಬಿಡುತ್ತಿದ್ದುದರಿಂದ ಅದು ಆಗಲಿಲ್ಲ. ಮೂರನೇ ಸಲ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವಾಗ ಹುಡುಗ, "ಮಾವ, ಹೊಸದು ಚೆನ್ನಾಗಿದೆ ಅಂತ ಗೊತ್ತಾಯ್ತಲ್ಲ, ಸಾಕು ಬಿಡಿ" ಅಂದ. ನನಗೂ ಹಾಗೇ ಅನ್ನಿಸುತ್ತಿತ್ತು. ಮನೆಗೆ ಬಂದು ಕೂಡಿ ಭಾಗಿಸಿದಾಗ ಎರಡು ಫಿಲ್ಟರುಗಳ ಸರಾಸರಿಯ ನಡುವಿನ ಅಂತರಕ್ಕಿಂತ, ಒಂದೇ ಫಿಲ್ಟರಿನ ಓಟಗಳ ನಡುವಿನ ಅಂತರವೇ ದೊಡ್ಡದಿತ್ತು.

ಫಿಲ್ಟರಿನಿಂದ ಏನೂ ಆಗದು ಎಂದು ಇದರಿಂದ ಸಿದ್ಧವಾಗಲಿಲ್ಲ. ನಮ್ಮ ಸ್ಟಾಪ್‌ವಾಚಿನ ವಿಜ್ಞಾನಕ್ಕೆ ಕಾಣುವಷ್ಟು ಏನೂ ಆಗಲಿಲ್ಲ ಎಂದಷ್ಟೇ ಹೇಳಬಹುದು. ಆ ಸದ್ದು ಖುಷಿ ಕೊಡುತ್ತದೆ, ಸಾಲದೇ ಎಂದು ಕೇಳುವವರಿದ್ದಾರೆ. ಖುಷಿಗೆ ಪುರಾವೆ ಬೇಡ, ಖುಷಿಗೆಂದೇ ಕೊಳ್ಳಲಿ. ಆದರೆ ತಿಂಗಳ ಪೆಟ್ರೋಲ್ ಖರ್ಚು ಇಳಿಯುತ್ತದೆಂದು ನಂಬಿ ಜೇಬಿಗೆ ಕೈ ಹಾಕುವ ಆಟೋ, ಟ್ಯಾಕ್ಸಿಯವರಿಗೆ ಅದು ಖುಷಿಯ ಪ್ರಶ್ನೆಯಲ್ಲ. ಅವರ ಮುಂದೆ "ನನ್ನ ಅನುಭವ" ಎಂದು ಸಾಕ್ಷಿ ಹೇಳುವ ಮುನ್ನ, ದಯವಿಟ್ಟು, ಒಂದು ಸಲ ಹಳೆಯದನ್ನು ಮತ್ತೆ ಹಾಕಿ ಓಡಿಸಿ ನೋಡಿ.