ಬಿಟ್ಟುಕೊಟ್ಟ ಒಡೆತನ, ಉಳಿದ ಹೆಸರು

ತಾನು ಮಾಡಿದ್ದನ್ನು ಎಲ್ಲರಿಗೂ ಬಿಟ್ಟುಕೊಟ್ಟವನು ತನ್ನ ಹೆಸರಾದರೂ ಅದರ ಮೇಲೆ ಉಳಿಯಲಿ ಎಂದು ಬಯಸಿದರೆ ಅವನ ತ್ಯಾಗ ಪೂರ್ಣವಾಯಿತೇ, ಇಲ್ಲವೆ ಕೀರ್ತಿಯ ರೂಪದಲ್ಲಿ ಫಲಾಪೇಕ್ಷೆ ಹಾಗೆಯೇ ಉಳಿದುಕೊಂಡಿತೇ ಎಂಬುದು ದಾನಧರ್ಮಗಳ ವಿಚಾರದಲ್ಲಿ ಹಳೆಯ ಪ್ರಶ್ನೆ. ಗೀತೆಯ ಕರ್ಮಯೋಗವನ್ನು ಕಟ್ಟುನಿಟ್ಟಾಗಿ ಅರ್ಥೈಸುವವರ ದೃಷ್ಟಿಯಲ್ಲಿ ಕೀರ್ತಿಯೂ ಒಂದು ಫಲವೇ. ಈ ಪ್ರಶ್ನೆಗೆ ಇಂದು ಅತ್ಯಂತ ಖಚಿತವಾದ ಲಿಖಿತ ರೂಪ ದೊರೆತಿರುವುದು ಮುಕ್ತ ತಂತ್ರಾಂಶದ ಪರವಾನಗಿ ಪತ್ರಗಳಲ್ಲಿ. ಪ್ರೋಗ್ರಾಮರುಗಳು ಬರೆದ ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ಬಳಸಿ, ತಿದ್ದಿ, ಹಂಚಬಹುದೆಂಬ ಅನುಮತಿಯೊಡನೆ ಹೊರಬರುವ ತಂತ್ರಾಂಶಕ್ಕೆ ಈ ಹೆಸರು. ಆ ಅನುಮತಿಯನ್ನೂ ಅದಕ್ಕೆ ತಗುಲಿದ ಷರತ್ತುಗಳನ್ನೂ ಹೇಳುವ ಪತ್ರವೇ ಪರವಾನಗಿ.

ಪೈಥಾನ್ ಭಾಷೆಯಲ್ಲಿ ವೈಜ್ಞಾನಿಕ ಲೆಕ್ಕಾಚಾರ ಮಾಡುವವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಆಶ್ರಯಿಸುವ ನಮ್‌ಪೈ ಎಂಬ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ಬಳಸುವ ಸಿದ್ಧ ಸಂಕೇತದ ಸಂಗ್ರಹವನ್ನು, ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1990ರ ದಶಕದ ನ್ಯೂಮರಿಕ್, ಅದರ ನಂತರದ ನಮ್‌ಅರೇ ಎಂಬ ಎರಡು ಲೈಬ್ರರಿಗಳ ಧಾರೆಗಳನ್ನು ಟ್ರಾವಿಸ್ ಓಲಿಫಂಟ್ ಒಂದುಗೂಡಿಸಿದ್ದರಿಂದ ಹುಟ್ಟಿದ ಇದರ 1.0 ಆವೃತ್ತಿ 2006ರಲ್ಲಿ ಬಂದಿತು. ಇದರ ಪರವಾನಗಿ ಮೂರು ಷರತ್ತುಗಳ ಬಿಎಸ್‌ಡಿ ಮಾದರಿಯದು. ಮೂಲಸಂಕೇತವನ್ನು ಹಂಚುವವನು ಹಕ್ಕುಸ್ವಾಮ್ಯದ ಸೂಚನೆಯನ್ನು ಅಳಿಸದೆ ಉಳಿಸಬೇಕೆಂದು ಮೊದಲನೆಯದೂ, ಯಂತ್ರರೂಪದಲ್ಲಿ ಹಂಚುವವನು ಅದೇ ಸೂಚನೆಯನ್ನು ಜೊತೆಯ ದಾಖಲೆಗಳಲ್ಲಿ ಮುದ್ರಿಸಬೇಕೆಂದು ಎರಡನೆಯದೂ ವಿಧಿಸುತ್ತವೆ. ಮೂರನೆಯದು, ಬರೆದವರ ಹೆಸರನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ತನ್ನ ಸರಕಿನ ಪ್ರಚಾರಕ್ಕೆ ಬಳಸಕೂಡದೆಂದು ನಿಷೇಧಿಸುತ್ತದೆ. ಹೆಸರನ್ನು ಅಳಿಸುವಂತಿಲ್ಲ, ಮಾರುವಂತೆಯೂ ಇಲ್ಲ. ಇನ್ನೂ ಗಮನಿಸಬೇಕಾದದ್ದೆಂದರೆ, ಸೂಚನೆಯಲ್ಲಿ ಇರುವುದು ಓಲಿಫಂಟರ ಹೆಸರಲ್ಲ, ಇನ್ನೊಬ್ಬರದೂ ಅಲ್ಲ, 'ನಮ್‌ಪೈ ಡೆವಲಪರ್ಸ್' ಎಂಬ ಸಮುದಾಯದ ಹೆಸರು.

ಇಂಥ ಪರವಾನಗಿ ದಾನವೇ ಎಂದು ಕೇಳಿದರೆ ಶಾಸ್ತ್ರದ ಲೆಕ್ಕದಲ್ಲಿ ಅಲ್ಲವೆನ್ನಬೇಕಾಗುತ್ತದೆ. ಮೀಮಾಂಸಕರು, ಅಂದರೆ ವೇದವಾಕ್ಯಗಳ ಅರ್ಥನಿರ್ಣಯವನ್ನೇ ಶಾಸ್ತ್ರವಾಗಿ ಬೆಳೆಸಿದವರು, ದಾನಕ್ಕೆ ಎರಡು ಅಂಗಗಳನ್ನು ಹೇಳುತ್ತಾರೆ: ಕೊಡುವವನ ಸ್ವತ್ವ, ಎಂದರೆ 'ಇದು ನನ್ನದು' ಎಂಬ ಸಂಬಂಧ, ಕಳಚಬೇಕು, ಪಡೆಯುವವನ ಸ್ವತ್ವ ಅಲ್ಲಿ ಹುಟ್ಟಬೇಕು. ಬಿಎಸ್‌ಡಿ ಪರವಾನಗಿಯಲ್ಲಿ ಇವೆರಡೂ ಆಗುವುದಿಲ್ಲ. ಬರೆದವರ ಹಕ್ಕುಸ್ವಾಮ್ಯ ಅವರಲ್ಲಿಯೇ ಉಳಿದು, ಆ ಬಲದಿಂದಲೇ ಅವರು ಷರತ್ತು ವಿಧಿಸುತ್ತಾರೆ. ಧರ್ಮಶಾಸ್ತ್ರಗಳಲ್ಲಿ ಇದಕ್ಕಿಂತ ಹತ್ತಿರದ ಇನ್ನೊಂದು ಕಲ್ಪನೆಯಿದೆ. ಕೆರೆ ಬಾವಿಗಳನ್ನು ಕಟ್ಟಿಸಿ ಸಕಲ ಪ್ರಾಣಿಗಳಿಗೆಂದು ಸಂಕಲ್ಪಪೂರ್ವಕವಾಗಿ ಬಿಟ್ಟುಕೊಡುವುದಕ್ಕೆ ಉತ್ಸರ್ಗವೆಂದು ಹೆಸರು. ಅಲ್ಲಿ ಪಡೆಯುವವನು ಇಂಥವನೇ ಎಂದಿಲ್ಲ, ಕಟ್ಟಿಸಿದವನೂ ಉಳಿದವರಂತೆ ನೀರು ಮೊಗೆಯಬಹುದೇ ಎಂಬ ಚರ್ಚೆಯೂ ಉಂಟು.

ಉತ್ಸರ್ಗಕ್ಕೆ ಸರಿಗಟ್ಟುವ ತಂತ್ರಾಂಶ ಬೇಕಾದರೆ ಎಸ್‌ಕ್ಯುಲೈಟ್ ಇದೆ. ಡಿ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ, ಇಂದು ಬಹುತೇಕ ಎಲ್ಲ ಮೊಬೈಲ್ ಫೋನುಗಳಲ್ಲಿಯೂ ಕೆಲಸ ಮಾಡುತ್ತಿರುವ ಈ ದತ್ತಸಂಚಯ ಲೈಬ್ರರಿಯ ಹಕ್ಕುಸ್ವಾಮ್ಯವನ್ನೇ ಅದರ ಕರ್ತೃಗಳು ತ್ಯಜಿಸಿದ್ದಾರೆ. ಕಡತದ ತಲೆಬರಹದಲ್ಲಿ ಪರವಾನಗಿ ಇರಬೇಕಾದ ಜಾಗದಲ್ಲಿ ಓದುವವನು ಒಳಿತನ್ನು ಮಾಡಲಿ, ಕ್ಷಮೆಯನ್ನು ಪಡೆಯಲಿ ಮತ್ತು ನೀಡಲಿ, ಕೊಟ್ಟದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳದಿರಲಿ ಎಂಬ ಆಶಯದ ಒಂದು ಹರಕೆಯಿದೆ. ಹೆಸರು ಉಳಿಸಬೇಕೆಂಬ ಒತ್ತಾಯವೂ ಇಲ್ಲ. ಆದರೆ ಈ ಪೂರ್ಣತ್ಯಾಗಕ್ಕೆ ಕಾಗದಪತ್ರಗಳು ಮಾತ್ರ ಕಡಿಮೆಯಾಗಿಲ್ಲ: ಸಂಕೇತ ಬರೆದವರೆಲ್ಲ ತಮ್ಮ ಪಾಲನ್ನು ಬಿಟ್ಟುಕೊಟ್ಟಿರುವುದಾಗಿ ಸಹಿ ಮಾಡಿದ ಪ್ರಮಾಣಪತ್ರಗಳನ್ನು ಬೆಂಕಿ ತಗುಲದ ತಿಜೋರಿಯಲ್ಲಿ ಇಡಲಾಗಿದೆ, ಹೊರಗಿನವರ ಸಂಕೇತವನ್ನು ಹಾಗೆಯೇ ಸೇರಿಸಿಕೊಳ್ಳುವ ಪದ್ಧತಿಯಿಲ್ಲ. ತನ್ನದೆಂದು ಹೇಳಿಕೊಳ್ಳುವುದಕ್ಕಿಂತ ತನ್ನದಲ್ಲವೆಂದು ಸಾಬೀತುಪಡಿಸುವುದಕ್ಕೆ ಹೆಚ್ಚು ದಾಖಲೆ ಬೇಕಾಗಿರುವುದು ಆಧುನಿಕ ಕಾನೂನಿನ ಒಂದು ವಿಚಿತ್ರ.

ಹೆಸರಿನ ಬಯಕೆ ಫಲಾಪೇಕ್ಷೆಯಾಗಿ ಬದಲಾಗುವ ಗಡಿ ಎಲ್ಲಿದೆ ಎಂಬುದನ್ನು ಬಿಎಸ್‌ಡಿ ಪರವಾನಗಿಯ ಹಳೆಯ ರೂಪ ತೋರಿಸುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಬರೆದ ಆ ರೂಪದಲ್ಲಿ, ಈ ತಂತ್ರಾಂಶದ ಗುಣ ಅಥವಾ ಬಳಕೆಯನ್ನು ಉಲ್ಲೇಖಿಸುವ ಪ್ರತಿಯೊಂದು ಜಾಹೀರಾತಿನಲ್ಲಿಯೂ ವಿಶ್ವವಿದ್ಯಾಲಯಕ್ಕೆ ಕೃತಜ್ಞತೆ ಹೇಳುವ ನಿಗದಿತ ವಾಕ್ಯವಿರಬೇಕೆಂಬ ಇನ್ನೊಂದು ಷರತ್ತೂ ಇತ್ತು. ಆ ಪರವಾನಗಿಯನ್ನು ನಕಲು ಮಾಡಿಕೊಂಡವರು ವಿಶ್ವವಿದ್ಯಾಲಯದ ಜಾಗದಲ್ಲಿ ತಂತಮ್ಮ ಹೆಸರುಗಳನ್ನು ಸೇರಿಸಿದ್ದರಿಂದ ಇಂಥ ವಾಕ್ಯಗಳ ಸಾಲು ಬೆಳೆಯುತ್ತ ಹೋಗಿ, ನೆಟ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ 1997ರ ಒಂದು ಆವೃತ್ತಿಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 75 ವಾಕ್ಯಗಳನ್ನು ಎಣಿಸಿದರು. 1999ರಲ್ಲಿ ವಿಶ್ವವಿದ್ಯಾಲಯ ಆ ಷರತ್ತನ್ನು ಕೈಬಿಟ್ಟಿತು. ಯಾರಿಂದ ಪಡೆದದ್ದೆಂಬ ಅರಿವನ್ನು ಉಳಿಸಲು ಹುಟ್ಟಿದ ಹೆಸರು ಅಲ್ಲಿ ಕೇಳುಗರೆದುರು ಕೂಗಿಸುವ ಸುಂಕವಾಗಿತ್ತು. ಅದು ತೊಲಗಿದ್ದು ಸರಿಯೇ.

ಹಾಗೆಂದು ಹೆಸರನ್ನೇ ಅಳಿಸುವುದು ನಿಷ್ಕಾಮದ ಪರಿಪೂರ್ಣತೆಯೆಂದು ತಿಳಿದರೆ, ಹೆಸರನ್ನು ಹೇಳಬೇಕಾದವರು ಯಾರು ಎಂಬ ಮುಖ್ಯ ವಿಷಯವೇ ಮರೆಯಾಗುತ್ತದೆ. ಮೀಮಾಂಸಕರಿಗೆ ವೇದ ಅಪೌರುಷೇಯ, ಅದಕ್ಕೆ ಕರ್ತೃವಿಲ್ಲ. ಆದರೂ ಮಂತ್ರಜಪಕ್ಕೆ ಮುನ್ನ ಋಷಿ, ಛಂದಸ್ಸು, ದೇವತೆಗಳನ್ನು ಹೇಳಲೇಬೇಕು. ಋಷಿಯ ಹೆಸರನ್ನು ಉಚ್ಚರಿಸುವಾಗ ಜಪಿಸುವವನು ತನ್ನ ತಲೆಯನ್ನು ಮುಟ್ಟಿಕೊಳ್ಳುತ್ತಾನೆ. ಒಡೆತನ ಎಳ್ಳಷ್ಟೂ ಇಲ್ಲದ ಕಡೆಯಲ್ಲಿ ಹೆಸರು ಇಷ್ಟು ಕಡ್ಡಾಯವಾಗಿರುವುದು ಅರ್ಥಪೂರ್ಣವಾದ ಸಂಗತಿ. ಬೃಹದಾರಣ್ಯಕ ಉಪನಿಷತ್ತಿನ ವಂಶಬ್ರಾಹ್ಮಣಗಳು, ಅಂದರೆ ಗುರುಪರಂಪರೆಯ ಪಟ್ಟಿಗಳು, ಶಿಷ್ಯನಿಂದ ಆರಂಭವಾಗಿ ಇಂಥವನು ಇಂಥವನಿಂದ ಪಡೆದನೆಂದು ಹಿಂದಕ್ಕೆ ಸಾಗುತ್ತವೆ. ಪಟ್ಟಿಯ ದಿಕ್ಕೇ ಇಲ್ಲಿ ಸಿದ್ಧಾಂತವನ್ನು ಹೇಳುತ್ತದೆ: ಹೆಸರು ಕೊಟ್ಟವನ ಹಕ್ಕಲ್ಲ, ಪಡೆದವನ ಋಣ. ಕೊಟ್ಟವನು ಅದನ್ನು ಬಯಸದಿರುವುದು ಅವನ ವೈರಾಗ್ಯಕ್ಕೆ ಸಂಬಂಧಿಸಿದ್ದು. ಆ ವೈರಾಗ್ಯದಿಂದ ಪಡೆದವನ ಋಣ ತೀರುವುದಿಲ್ಲ.

ಭಾರತದ ಕಾನೂನು ಇದಕ್ಕೆ ಸಾಕಷ್ಟು ಹತ್ತಿರದಲ್ಲಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಯ ವ್ಯಾಖ್ಯೆಯಲ್ಲಿ ಸೇರಿಸುತ್ತದೆ, ಮತ್ತು ಅದರ 57ನೆಯ ಕಲಮಿನ ಪ್ರಕಾರ ಕೃತಿಯ ಒಡೆತನವನ್ನು ಪೂರ್ತಿಯಾಗಿ ಬೇರೆಯವರಿಗೆ ವರ್ಗಾಯಿಸಿದ ಮೇಲೆಯೂ ಅದರ ಕರ್ತೃ ತಾನೆಂದು ಹೇಳುವ ಹಕ್ಕು ಬರೆದವನಲ್ಲಿ ಉಳಿಯುತ್ತದೆ. ಒಡೆತನವೂ ಕರ್ತೃತ್ವವೂ ಬೇರೆ ಬೇರೆ ಎಂಬುದನ್ನು ಅದು ಒಪ್ಪುತ್ತದೆ, ಆದರೆ ಋಣವನ್ನು ಪಡೆದವನ ಕಡೆಯಿಂದ ನೋಡುವ ಭಾಷೆ ಅದಕ್ಕಿಲ್ಲ.

ಋಣವೆಂದರೆ ಯಾರಿಗೆ ಎಷ್ಟು ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಕಾಠಕ ಮೊದಲಾಗಿ ವೇದಶಾಖೆಗಳಿಗೆ ವ್ಯಕ್ತಿಗಳ ಹೆಸರಿರುವುದರಿಂದ ಅವರೇ ಅವುಗಳ ಕರ್ತೃಗಳಾಗಿರಬೇಕೆಂಬ ಆಕ್ಷೇಪಕ್ಕೆ ಮೀಮಾಂಸಾಸೂತ್ರಗಳ ಕರ್ತೃ ಜೈಮಿನಿ ಕೊಟ್ಟ ಉತ್ತರ, ಆ ಹೆಸರುಗಳು ಪ್ರವಚನದಿಂದ, ಎಂದರೆ ಪಾಠವನ್ನು ವಿಶೇಷವಾಗಿ ಹೇಳಿಕೊಟ್ಟು ಉಳಿಸಿದ್ದರಿಂದ, ಬಂದವು ಎಂಬುದು. ಬರೆದವನೂ ಉಳಿಸಿದವನೂ ಬೇರೆ ಎಂಬ ಈ ವಿವೇಕವನ್ನು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ಆವೃತ್ತಿದಾಖಲೆಯ ವ್ಯವಸ್ಥೆಯೂ ಪಾಲಿಸುತ್ತದೆ: ಕಮಿಟ್ ಎಂದು ಕರೆಯುವ ಪ್ರತಿಯೊಂದು ಬದಲಾವಣೆಯ ದಾಖಲೆಯಲ್ಲಿಯೂ ಅದನ್ನು ಬರೆದವನಿಗೆ ಒಂದು ಸ್ಥಾನ, ಒಪ್ಪಿ ಸೇರಿಸಿದವನಿಗೆ ಇನ್ನೊಂದು. ಆದರೂ ಯಂತ್ರದ ಎಣಿಕೆ ಮೋಸಹೋಗುತ್ತದೆ. ಒಂದು ಸಾಲನ್ನು ಕೊನೆಯದಾಗಿ ಬದಲಿಸಿದವರು ಯಾರೆಂದು ಗಿಟ್‌ನಲ್ಲಿ ಕೇಳಿದರೆ, ಸಾಲಿನ ಅರ್ಥವನ್ನು ಮುಟ್ಟದೆ ಮುಂಚಿನ ಖಾಲಿ ಜಾಗವನ್ನಷ್ಟೇ ಸರಿಪಡಿಸಿದವನ ಹೆಸರು ಬರಬಹುದು. ಇಂಥ ಕಮಿಟ್‌ಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಹೇಳುವ ಪಟ್ಟಿಯ ಕಡತವನ್ನು ಅನೇಕ ಯೋಜನೆಗಳು ಈಗ ಜೊತೆಯಲ್ಲಿಯೇ ಇಟ್ಟುಕೊಳ್ಳುತ್ತವೆ.

ನಮ್‌ಪೈ ಪ್ರತಿ ಆವೃತ್ತಿಯ ಟಿಪ್ಪಣಿಯೊಡನೆ ಕೊಡುವ ಹೆಸರುಗಳ ಪಟ್ಟಿ ಈ ದೃಷ್ಟಿಯಿಂದ ಹೆಚ್ಚು ವಿವೇಕದ್ದು. ಹೆಸರುಗಳು ಅಕಾರಾದಿಯಲ್ಲಿರುತ್ತವೆ, ಯಾರು ಎಷ್ಟು ಸಾಲು ಬರೆದರೆಂಬ ಲೆಕ್ಕವಿರುವುದಿಲ್ಲ. ಮೊದಲ ಬಾರಿಗೆ ಕೊಡುಗೆ ನೀಡಿದವರ ಹೆಸರಿನ ಮುಂದೆ ಒಂದು ಕೂಡಿಸುವ ಚಿಹ್ನೆ ಮಾತ್ರ ಇರುತ್ತದೆ. ವರ್ಷಗಟ್ಟಲೆ ದುಡಿದವನೂ ದಾಖಲೆಯ ಒಂದು ಕಾಗುಣಿತದ ತಪ್ಪನ್ನು ತಿದ್ದಿದವನೂ ಅಲ್ಲಿ ಅಕ್ಕಪಕ್ಕದಲ್ಲಿ ಇರುವುದು ಅನ್ಯಾಯವೆಂದು ವಾದಿಸಲು ಅವಕಾಶವಿದೆ, ಆದರೆ ಪಟ್ಟಿಯ ಉದ್ದೇಶ ಸಂಬಳ ಹಂಚುವುದಲ್ಲವಾದ್ದರಿಂದ ಆ ವಾದ ನಿಲ್ಲುವುದಿಲ್ಲ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಬಳಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದೋಷವನ್ನು ವರದಿ ಮಾಡಿದವರಿಗೂ ಪರಿಶೀಲಿಸಿದವರಿಗೂ ಪರೀಕ್ಷಿಸಿದವರಿಗೂ ಕಮಿಟ್‌ನ ಸಂದೇಶದಲ್ಲಿಯೇ ಪ್ರತ್ಯೇಕ ಸಾಲುಗಳನ್ನು ಇಟ್ಟಿದೆ. ಆದರೆ ಸೇರಬಾರದ ಬದಲಾವಣೆಯೊಂದನ್ನು ತಾಳ್ಮೆಯಿಂದ ಓದಿ, ಅದು ಬೇಡವೆಂದು ಕಾರಣಸಹಿತ ವಿವರಿಸಿ ಲೈಬ್ರರಿಯನ್ನು ಕಾಪಾಡಿದವನಿಗೆ ಈ ಯಾವ ಪಟ್ಟಿಯಲ್ಲಿಯೂ ಎಡೆಯಿಲ್ಲ, ಏಕೆಂದರೆ ತಿರಸ್ಕೃತವಾದ ಬದಲಾವಣೆ ಕಮಿಟ್ ಆಗಿ ಇತಿಹಾಸವನ್ನು ಸೇರುವುದೇ ಇಲ್ಲ.