ಅಂಜನಾದ್ರಿಯ ವಾದ ಮತ್ತು ಜೈಲಿನ ಪ್ರಶ್ನೆ

ಮುನಿರಾಬಾದ್ ಸ್ಟೇಷನ್ನಿನಲ್ಲಿ ಹುಣ್ಣಿಮೆಯ ದಿನ ಇಳಿಯುವ ಜನರಲ್ಲಿ ಬಹುಪಾಲು ಹುಲಿಗೆಮ್ಮನ ಭಕ್ತರು. ಅವರಲ್ಲಿ ಎಷ್ಟೋ ಮಂದಿ ಅಮ್ಮನ ದರ್ಶನ ಮುಗಿಸಿಕೊಂಡು ಆನೆಗೊಂದಿಯ ಕಡೆ ಹೊರಡುತ್ತಾರೆ, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಹನುಮಪ್ಪ ಹುಟ್ಟಿದ ಜಾಗ ಎಂದು ಕೈಮುಗಿಯುತ್ತಾರೆ. ಕೊಪ್ಪಳ, ಗಂಗಾವತಿ ಸೀಮೆಯವರಿಗೆ ಇದು ವಾದ ಮಾಡಬೇಕಾದ ವಿಷಯವೇ ಆಗಿರಲಿಲ್ಲ. 2021ರ ಏಪ್ರಿಲ್ 21ರಂದು, ರಾಮನವಮಿಯ ದಿನವೇ, ತಿರುಮಲ ತಿರುಪತಿ ದೇವಸ್ಥಾನದವರು ಪಂಡಿತರ ಸಮಿತಿಯೊಂದರ ವರದಿಯನ್ನು ಮುಂದಿಟ್ಟು, ಹನುಮಂತ ಹುಟ್ಟಿದ್ದು ತಿರುಮಲದ ಏಳು ಬೆಟ್ಟಗಳಲ್ಲೊಂದಾದ ಅಂಜನಾದ್ರಿಯಲ್ಲಿ ಎಂದು ಸಾರಿದರು. ಇಲ್ಲಿ ಜನ ಕೆರಳಿದರು. ಅದೇ ಹೊತ್ತಿಗೆ ರಾಮಚಂದ್ರಾಪುರ ಮಠದವರು ಜನ್ಮಭೂಮಿ ಗೋಕರ್ಣ, ಆನೆಗೊಂದಿ ಸೀಮೆಯ ಕಿಷ್ಕಿಂಧೆ ಕರ್ಮಭೂಮಿ ಎಂದರು. ನಾಶಿಕದ ಅಂಜನೇರಿಯವರ ಹಕ್ಕು ಮೊದಲಿನಿಂದಲೂ ಇತ್ತು.

ಒಂದೇ ಮಗು ನಾಲ್ಕು ಕಡೆ ಹುಟ್ಟಲಾರದು. ಈ ಹೇಳಿಕೆಗಳಲ್ಲಿ ಒಂದು ನಿಜವಾದರೆ ಉಳಿದವು ಸುಳ್ಳು, ಮತ್ತು ಪ್ರತಿಯೊಂದೂ ಇನ್ನೊಂದು ಊರಿನ ಭಕ್ತರ ಮನಸ್ಸಿಗೆ ತಾಗಿದೆ. ಸುಳ್ಳೂ ಹೌದು, ನೋವೂ ಹೌದು. ಹಾಗಾದರೆ ಹೇಳಿದವರನ್ನು ಜೈಲಿಗೆ ಕಳಿಸಬೇಕೆ? ಅಂಜನಾದ್ರಿಯ ವಿಷಯದಲ್ಲಿ ಈ ಪ್ರಶ್ನೆ ಅತಿರೇಕವೆನಿಸುತ್ತದೆ. ಆದರೆ ಬೇರೆ ಬೇರೆ ವಿಷಯಗಳಲ್ಲಿ ನಮ್ಮ ರಾಜ್ಯ ಇದೇ ಪ್ರಶ್ನೆಗೆ ಹೌದು ಎನ್ನುವಷ್ಟು ಹತ್ತಿರ ಹೋಗಿದೆ. ಅದಕ್ಕೇ ಈ ಪ್ರಶ್ನೆಯ ಒಳಗೆ ಏನೇನು ಬೆರೆತಿದೆ ಎಂದು ಬಿಡಿಸಿ ನೋಡಬೇಕು.

ಮೊದಲಿಗೆ ನಮ್ಮ ಕಾನೂನು. ಹಳೆಯ ದಂಡಸಂಹಿತೆಯ 295ಎ ಕಲಮು 1927ರಲ್ಲಿ ಸೇರಿದ್ದು; ಲಾಹೋರಿನಲ್ಲಿ ಅಚ್ಚಾದ ಒಂದು ಪುಸ್ತಿಕೆ ಎಬ್ಬಿಸಿದ ಗಲಭೆಯ ಹಿನ್ನೆಲೆಯಲ್ಲಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 299ನೇ ಕಲಮು. ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸಿದರೆ ಮೂರು ವರ್ಷದವರೆಗೆ ಸೆರೆ. ಇಲ್ಲಿ ಗಮನಿಸಬೇಕಾದದ್ದು, ಹೇಳಿದ ಮಾತು ನಿಜವೋ ಸುಳ್ಳೋ ಎಂದು ಈ ಕಲಮು ಕೇಳುವುದೇ ಇಲ್ಲ. ಅದರ ಕಣ್ಣಿರುವುದು ನೋವಿನ ಮೇಲೆ, ನೋಯಿಸುವ ಉದ್ದೇಶದ ಮೇಲೆ.

2025ರ ಜೂನ್‌ನಲ್ಲಿ ಬೆಳಕಿಗೆ ಬಂದ ಕರ್ನಾಟಕದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನ ನೋಟ ಬೇರೆ. ಅದರ ಕಣ್ಣು ಸುಳ್ಳಿನ ಮೇಲೆ. ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿತ್ತು. ಜೊತೆಗೆ, ವಿಜ್ಞಾನ, ಇತಿಹಾಸ, ಧರ್ಮ, ತತ್ತ್ವಶಾಸ್ತ್ರ, ಸಾಹಿತ್ಯದ ವಿಷಯದಲ್ಲಿ ಅಧಿಕೃತ ಸಂಶೋಧನೆಯ ಆಧಾರವಿದ್ದದ್ದು ಮಾತ್ರ ಸಾಮಾಜಿಕ ಜಾಲತಾಣದಲ್ಲಿ ಬರುವಂತೆ ಒಂದು ಪ್ರಾಧಿಕಾರ ನೋಡಿಕೊಳ್ಳಬೇಕು ಎಂಬ ಮಾತೂ ಇತ್ತು. ಇದು ಅಂತಿಮ ರೂಪವಲ್ಲ ಎಂದು ಸರ್ಕಾರ ಆಮೇಲೆ ಹೇಳಿತು. ಆ ಪ್ರಾಧಿಕಾರ ಅಂಜನಾದ್ರಿಯ ಕಡತವನ್ನು ಮೇಜಿನ ಮೇಲಿಟ್ಟುಕೊಂಡು ಏನು ಮಾಡಬೇಕಿತ್ತು ಎಂದು ಯೋಚಿಸಿದರೆ ನನಗೆ ದಿಗಿಲಾಗುತ್ತದೆ.

ಸುಳ್ಳು ಮಾತಿಗೆ ಏನು ಮಾಡಬೇಕು ಎಂಬುದನ್ನು ನಮ್ಮ ನ್ಯಾಯಶಾಸ್ತ್ರ ಬಹಳ ಹಿಂದೆಯೇ ಯೋಚಿಸಿದೆ. ಇಲ್ಲಿ ನ್ಯಾಯ ಎಂದರೆ ಕೋರ್ಟು ಅಲ್ಲ, ಗೌತಮನ ನ್ಯಾಯಸೂತ್ರ. ಅದು ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ. ಸತ್ಯ ತಿಳಿಯಬೇಕೆಂದು ಪ್ರಮಾಣಗಳನ್ನಿಟ್ಟು ಮಾಡುವ ಚರ್ಚೆ ವಾದ. ಹೇಗಾದರೂ ಗೆಲ್ಲಬೇಕೆಂದು ಮಾಡುವುದು ಜಲ್ಪ. ತನ್ನದೊಂದು ಪಕ್ಷವೇ ಇಲ್ಲದೆ ಎದುರಿನವನದನ್ನು ಕೆಡವುವುದಕ್ಕಷ್ಟೇ ನಿಂತರೆ ವಿತಂಡ. ಇದಕ್ಕೆ ಹೊಂದಿಕೊಂಡೇ 22 ನಿಗ್ರಹಸ್ಥಾನಗಳ ಪಟ್ಟಿಯಿದೆ: ಹೇಳಿದ ಮಾತನ್ನು ನಡುವೆ ಬದಲಿಸಿದರೆ, ತನ್ನ ಮಾತಿಗೆ ತಾನೇ ವಿರುದ್ಧವಾಗಿ ನುಡಿದರೆ, ಉತ್ತರ ತೋಚದೆ ಸುಮ್ಮನಾದರೆ ಆ ವಾದಿ ಸೋತಂತೆ. ಆ ಸೋಲೇ ಅಲ್ಲಿನ ಶಿಕ್ಷೆ. ತಪ್ಪು ಹೇಳಿದವನಿಗೆ ಸಭೆಯ ಎದುರು ತನ್ನ ಮಾತು ನಿಲ್ಲಲಿಲ್ಲ ಎಂಬುದಕ್ಕಿಂತ ಕಠಿಣವಾದ ದಂಡವನ್ನು ಆ ಶಾಸ್ತ್ರ ಯೋಚಿಸಲಿಲ್ಲ. ಏಕೆಂದರೆ ಸೋತವನು ನಾಳೆ ಹೊಸ ಪ್ರಮಾಣದೊಂದಿಗೆ ಮತ್ತೆ ಬರಬೇಕು, ಬರಲು ಹೆದರಬಾರದು.

2021ರ ಮೇ 27ರಂದು ಕಿಷ್ಕಿಂಧೆಯ ಪರವಾಗಿ ಗೋವಿಂದಾನಂದ ಸರಸ್ವತಿಯವರು ತಿರುಪತಿಗೇ ಹೋಗಿ ಅಲ್ಲಿನ ಪಂಡಿತರ ಎದುರು ಕೂತು ಚರ್ಚಿಸಿದರು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಅದರಲ್ಲಿ ವಾದಕ್ಕಿಂತ ಜಲ್ಪವೇ ಹೆಚ್ಚಿತ್ತು ಎಂದು ನನಗನಿಸುತ್ತದೆ. ಎರಡೂ ಕಡೆ ಯಾತ್ರಿಕರ ಹರಿವು, ಅಭಿವೃದ್ಧಿಯ ಹಣ, ರಾಜ್ಯದ ಅಭಿಮಾನ ಎಲ್ಲ ಸೇರಿದ್ದವು. ಮರುವರ್ಷ ಇದೇ ವಿಷಯಕ್ಕೆ ನಾಶಿಕದಲ್ಲಿ ನಡೆದ ಸಭೆಯಲ್ಲಂತೂ ಒಬ್ಬರು ಮೈಕನ್ನೇ ಎತ್ತಿ ಹೊಡೆಯಲು ಹೋದರು. ಅಲ್ಲಿ ಮೈಕು ಎತ್ತಿದ ಕೈಯನ್ನು ಹಿಡಿಯುವುದು ಪೊಲೀಸರ ಕೆಲಸ. ಹನುಮ ಹುಟ್ಟಿದ್ದು ಎಲ್ಲಿ ಎಂಬ ಮಾತನ್ನು ಹಿಡಿಯುವುದು ಅವರ ಕೆಲಸವಲ್ಲ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇಷ್ಟೇ.

ತಪ್ಪು ಮಾತಿಗೆ ಜಾಗವಿಲ್ಲದಿದ್ದರೆ ಇತಿಹಾಸ ಬೆಳೆಯುವುದೇ ಇಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ, 1931ರಲ್ಲಿ ಗೊತ್ತಾದವು. ಈ ಲಿಪಿಯನ್ನು 1837ರ ಹೊತ್ತಿಗೆ ಓದಿದ ಜೇಮ್ಸ್ ಪ್ರಿನ್ಸೆಪ್, ಇಂಥ ಶಾಸನಗಳಲ್ಲಿ ಪಿಯದಸಿ ಎಂದು ಕರೆದುಕೊಂಡವನು ಸಿಂಹಳದ ಅರಸನಿರಬೇಕೆಂದು ಮೊದಲು ಬರೆದ. ಅದು ತಪ್ಪು. ಸಿಂಹಳದ ಪಾಲಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್, ಪಿಯದಸಿ ಎಂದರೆ ಅಶೋಕನೇ ಎಂದು ಅದನ್ನು ತಿದ್ದಿದ. ಆದರೂ ಅದು ಊಹೆಯಾಗಿಯೇ ಇತ್ತು. 1915ರಲ್ಲಿ ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕಂಡಿತು. ಒಬ್ಬನ ತಪ್ಪು, ಇನ್ನೊಬ್ಬನ ತಿದ್ದುಪಡಿ, ಮಸ್ಕಿಯ ಬಂಡೆಯ ಸಾಕ್ಷಿ: ಹೀಗೆ ಸುಮಾರು 80 ವರ್ಷ ಹಿಡಿಯಿತು. 1837ರಲ್ಲಿ ಸಿಂಹಳದ ಅರಸ ಎಂಬುದನ್ನೇ ಅಧಿಕೃತ ಸಂಶೋಧನೆ ಎಂದು ಮುದ್ರೆಯೊತ್ತಿದ್ದರೆ ತಿದ್ದಿದವನೇ ಅಪರಾಧಿಯಾಗುತ್ತಿದ್ದ. ಕೋರ್ಟು ಒಂದು ದಿನ ತೀರ್ಪು ಕೊಟ್ಟು ಕಡತ ಮುಚ್ಚಲೇಬೇಕು, ಅದು ಅದರ ಧರ್ಮ. ಇತಿಹಾಸ ಕಡತವನ್ನು ಮುಚ್ಚಬಾರದು.

ಇನ್ನು ನೋವಿನ ಮಾತು. ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ಲೇಖನಗಳ ‘ಮಾರ್ಗ’ ಸಂಪುಟದಲ್ಲಿ ಬಸವಣ್ಣನವರ ಮನೆತನದ ಬಗ್ಗೆ, ಚೆನ್ನಬಸವಣ್ಣನ ಹುಟ್ಟಿನ ಬಗ್ಗೆ ಬರೆದದ್ದು 1989ರಲ್ಲಿ ದೊಡ್ಡ ಗದ್ದಲವಾಯಿತು. ಒತ್ತಡಕ್ಕೆ ಸಿಕ್ಕಿ ಅವರು ಆ ಭಾಗಗಳನ್ನು ಹಿಂದಕ್ಕೆ ಪಡೆದರು, ಅದನ್ನು ಬೌದ್ಧಿಕ ಆತ್ಮಹತ್ಯೆ ಎಂದೇ ಕರೆದುಕೊಂಡರು. ಸುಮಾರು ಅದೇ ವಸ್ತುವನ್ನು ಮುಟ್ಟಿದ ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿತು; 2007ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಶರಣರನ್ನು ತಮ್ಮ ಮನೆಯ ಹಿರಿಯರೆಂದೇ ಬಗೆಯುವವರಿಗೆ ಆದ ನೋವು ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ. ಆದರೆ ಒಂದು ಮಾತು ಮನಸ್ಸಿಗೆ ತಾಗುವುದು ಬೇರೆ, ಅದು ಒಬ್ಬರ ಬದುಕನ್ನು ಕೆಡಿಸುವುದು ಬೇರೆ. ಮಾತು ತಾಗಿದವನು ಓದದೆ ಇರಬಹುದು, ಮರುತ್ತರ ಬರೆಯಬಹುದು, ಗೋಷ್ಠಿ ಕರೆಯಬಹುದು. ಬದುಕು ಕೆಟ್ಟವನಿಗೆ ಆ ದಾರಿಗಳಿಲ್ಲ. 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಇಂಥ ಗೆರೆಯನ್ನೇ ಎಳೆದ. ಧಾನ್ಯದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಬರೆದರೆ ತಡೆಯಬೇಡಿ, ಅದೇ ಮಾತನ್ನು ವ್ಯಾಪಾರಿಯ ಮನೆಯೆದುರು ನೆರೆದ ಕೆರಳಿದ ಗುಂಪಿಗೆ ಹೇಳಿದರೆ ಶಿಕ್ಷಿಸಬಹುದು ಎಂದ. ಎರಡು ಕಡೆಯೂ ಮಾತು ಅದೇ. ಬದಲಾಗಿರುವುದು ಅದನ್ನು ಎಲ್ಲಿ ನಿಂತು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದು.

ನೋವನ್ನೇ ಅಪರಾಧ ಮಾಡಿದರೆ ಏನಾಗುತ್ತದೆ ಎಂಬುದು ಈ ಸೀಮೆಯ ಹಿರಿಯರ ನೆನಪಿನಲ್ಲೇ ಇದೆ. 1948ರವರೆಗೆ ಮುನಿರಾಬಾದು ನಿಜಾಮರ ರಾಜ್ಯ. ನಿಜಾಮರ ಪರ ನಿಂತ ರಜಾಕಾರರ ಕಾಟ, ಅವರ ವಿರುದ್ಧ ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂದಾಳುತನದ ಮುಂಡರಗಿ ಕ್ಯಾಂಪು, ಹಳ್ಳಿ ಬಿಟ್ಟು ಗಡಿ ದಾಟಿದ ಕುಟುಂಬಗಳು ಒಂದು ನೆನಪು. ಆ ವರ್ಷದ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ನಡೆದ ಹಿಂಸೆ ಇನ್ನೊಂದು ನೆನಪು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರನ್ನು 27,000ದಿಂದ 40,000 ಎಂದು ಅಂದಾಜಿಸಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಒಂದು ನೆನಪನ್ನು ಹೇಳಿದರೆ ಇನ್ನೊಂದು ಮನೆಯವರಿಗೆ ತಮ್ಮ ಸಂಕಟವನ್ನು ಅಲ್ಲಗಳೆದಂತೆ ಕೇಳುತ್ತದೆ. ನೋವೇ ಅಪರಾಧದ ಅಳತೆಗೋಲಾದರೆ ಎರಡೂ ಮನೆಯವರು ಬಾಯಿ ಮುಚ್ಚಬೇಕು, ಆಗ ನಿಜಕ್ಕೆ ಏನಾಯಿತು ಎಂದು ಮೊಮ್ಮಕ್ಕಳಿಗೆ ಹೇಳುವವರೇ ಇರುವುದಿಲ್ಲ.

ಇದಕ್ಕೆ ಎದುರಾಗಿ ಬರುವ ಅತ್ಯಂತ ಗಟ್ಟಿಯಾದ ಆಕ್ಷೇಪಣೆ ಯೂರೋಪಿನದು. ಜರ್ಮನಿ, ಆಸ್ಟ್ರಿಯಾ, 1990ರ ಕಾಯಿದೆಯ ನಂತರ ಫ್ರಾನ್ಸ್, ಯಹೂದ್ಯರ ಹತ್ಯಾಕಾಂಡ ನಡೆದೇ ಇಲ್ಲ ಎನ್ನುವುದನ್ನು ಅಪರಾಧವೆಂದಿವೆ. ಆ ಸುಳ್ಳು ಪಾಂಡಿತ್ಯದ ತಪ್ಪಲ್ಲ, ಉಳಿದು ಬಂದವರ ಮುಖಕ್ಕೇ ಹೇಳುವ ಬೆದರಿಕೆ ಎಂಬುದು ಅವರ ನಿಲುವು, ಅಲ್ಲಿ ನಡೆದದ್ದನ್ನು ಬಲ್ಲವರು ಇದನ್ನು ತಳ್ಳಿಹಾಕಲಾರರು. ಆದರೂ ಬ್ರಿಟಿಷ್ ಲೇಖಕ ಡೇವಿಡ್ ಇರ್ವಿಂಗ್‌ನ ಪ್ರಕರಣ ನೋಡಿ. ತನ್ನನ್ನು ಹತ್ಯಾಕಾಂಡ ಅಲ್ಲಗಳೆಯುವವ ಎಂದು ಬರೆದ ಡೆಬೊರಾ ಲಿಪ್‌ಸ್ಟಾಟ್ ಮೇಲೆ ಅವನೇ ಲಂಡನ್ನಿನಲ್ಲಿ ಮಾನನಷ್ಟದ ದಾವೆ ಹೂಡಿದ. ಇತಿಹಾಸಕಾರ ರಿಚರ್ಡ್ ಇವಾನ್ಸ್ ಅವನ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಮೂಲಕ್ಕೆ ಹೋಲಿಸಿ, ಎಲ್ಲೆಲ್ಲಿ ತಿರುಚಿದ್ದಾನೆಂದು ತೋರಿಸಿದ. 2000ದ ಏಪ್ರಿಲ್‌ನಲ್ಲಿ ಇರ್ವಿಂಗ್ ಸೋತ, ಇತಿಹಾಸಕಾರನೆಂಬ ಹೆಸರೇ ಹೋಯಿತು. 2006ರಲ್ಲಿ ಆಸ್ಟ್ರಿಯಾ ಅವನಿಗೆ ಮೂರು ವರ್ಷ ಸೆರೆ ವಿಧಿಸಿದಾಗ ಲಿಪ್‌ಸ್ಟಾಟ್ ಅವರೇ ಅದನ್ನು ಒಪ್ಪಲಿಲ್ಲ. ಅವನನ್ನು ನಿಜವಾಗಿ ಸೋಲಿಸಿದ್ದು ಆ ಅಡಿಟಿಪ್ಪಣಿಗಳ ಪರಿಶೀಲನೆ.

ನಮ್ಮಲ್ಲೂ ಅಂಥದ್ದು ನಡೆದಿದೆ. ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಮಾತು 2023ರಲ್ಲಿ ಜೋರಾಯಿತು. ಆ ಹೆಸರಿನಲ್ಲಿ ಸಿನಿಮಾ ಮಾಡಲೂ ನಿರ್ಮಾಪಕ ಮುನಿರತ್ನ ಹೊರಟರು. ಶಾಸನವೆಲ್ಲಿ, ದಾಖಲೆ ಎಲ್ಲಿ ಎಂದು ಇತಿಹಾಸ ಬಲ್ಲವರು ಕೇಳಿದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರೂ ಆಧಾರವಿಲ್ಲದೆ ಮಾತಾಡಬೇಡಿ ಎಂದರು. ಮಾರ್ಚ್‌ನಲ್ಲೇ ಮುನಿರತ್ನ ಸಿನಿಮಾದ ಯೋಚನೆ ಕೈಬಿಟ್ಟರು. ಆಧಾರ ಕೇಳುವ ಜನರಿದ್ದರೆ ಸಾಕಾಗಿತ್ತು, ಸಾಕಾಯಿತು.

ಒಂದು ಕಡೆ ಮಾತ್ರ ನನ್ನ ಗೆರೆಯನ್ನು ಎಚ್ಚರದಿಂದ ಎಳೆಯಬೇಕಾಗುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಯಿತು; ಪರಿಶಿಷ್ಟ ಜಾತಿ, ಪಂಗಡದವರು ಬಹುವಾಗಿ ಗೌರವಿಸುವ ದಿವಂಗತ ವ್ಯಕ್ತಿಯನ್ನು ಅಗೌರವಿಸುವುದೂ ಅದರಲ್ಲಿ ಅಪರಾಧ. ಮೇಲ್ನೋಟಕ್ಕೆ ಇದು ಇತಿಹಾಸದ ಬಾಯಿಗೆ ಬೀಗದಂತೆ ಕಾಣಬಹುದು. ಅಂಬೇಡ್ಕರರ ಒಂದು ನಿಲುವನ್ನು ದಾಖಲೆಯಿಟ್ಟು ಪ್ರಶ್ನಿಸುವ ಲೇಖನಕ್ಕೆ ಅದನ್ನು ಬಳಸಿದರೆ ಹಾಗೆಯೇ ಆಗುತ್ತದೆ, ಆಗಬಾರದು. ಆದರೆ ಕೇರಿಯ ಮುಂದೆ ನಿಂತು ಅದೇ ಹೆಸರನ್ನು ಬೈಯುವವನು ಸತ್ತವರ ಬಗ್ಗೆ ಮಾತಾಡುತ್ತಿಲ್ಲ. ಅಲ್ಲಿ ಮನೆಯೊಳಗೆ ಕೂತು ಕೇಳುತ್ತಿರುವವರನ್ನು ಬೆದರಿಸುತ್ತಿದ್ದಾನೆ. ಗಂಗಾವತಿ ತಾಲೂಕಿನ ಮರಕುಂಬಿಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಮೇಲೆ ಬಿದ್ದು ಮನೆಗಳಿಗೆ ಬೆಂಕಿಯಿಟ್ಟರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 101 ಜನರನ್ನು ಶಿಕ್ಷಿಸಿತು, 98 ಜನರಿಗೆ ಜೀವಾವಧಿ. ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಸಾಕ್ಷಿ ಹೇಳಿದವರು ಆ ಒಂದು ತೀರ್ಪಿಗೆ ಹತ್ತು ವರ್ಷ ಕಾದರು. ಪುಸ್ತಕ, ಕಾದಂಬರಿ, ಜನ್ಮಸ್ಥಳದ ಹೇಳಿಕೆಗಳ ಹಿಂದೆ ಹೋಗಲು ಪೊಲೀಸರನ್ನೂ ಕೋರ್ಟನ್ನೂ ಕರೆಯುವವರು ಆ ಹತ್ತು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.